ಇಷ್ಟದ ಸಾಮಾನಿಗೆ ಮೊದಲ ಜಾಗ: ಒಂದು ಕೋಣೆ, ಮೂರು ಹಾಳೆ ಪ್ಲೈವುಡ್

ಕೋಣೆಯ ಸಾಮಾನು ಓರಣ ಮಾಡುವ ಈ ಕೆಲಸದ ಹರವು ಇಷ್ಟು: 3 ಮೀಟರ್ ಅಗಲ, 3.6 ಮೀಟರ್ ಉದ್ದದ ಒಂದು ಕೋಣೆ. ಬಾಗಿಲು ಸರಿಯಾಗಿ ಮುಚ್ಚದ ಒಂದು ಕಪಾಟು, ಮಂಚದ ಕೆಳಗಿನ ಜಾಗ, ತಲೆಯ ಮೇಲೊಂದು ಅಟ್ಟ. ತುಂಬಿಕೊಂಡಿದ್ದು ಪುಸ್ತಕ, ಎಲ್‌ಪಿ ರೆಕಾರ್ಡು, ಫೋಟೊ ಆಲ್ಬಮ್ಮು, ಫಿಲ್ಮ್ ಕ್ಯಾಮೆರಾ, ಬಣ್ಣ-ಕುಂಚ, ಪುಟಾಣಿ ಕಾರುಗಳು, ಇವೆಲ್ಲದರ ನಡುವೆ ಗಂಟು ಬಿದ್ದ ವೈರು.

ಸಾಮಾನ್ಯವಾಗಿ ಇಂಥ ಕೆಲಸ ಬಿಸಾಡುವುದರಿಂದ ಶುರುವಾಗುತ್ತದೆ, ಕೆಡುವುದೂ ಅಲ್ಲೇ. ಬೆಳಿಗ್ಗೆ ಹುರುಪಿನಲ್ಲಿ ಹಳೆ ಪೇಪರು, ಒಡೆದ ಡಬ್ಬ ಹೊರಗೆ ಹೋಗುತ್ತವೆ. ಸಂಜೆ ಸೊಂಟ ನೋಯುವ ಹೊತ್ತಿಗೆ ಕೈಗೆ ಬರುವುದು ಮನಸ್ಸಿಗೆ ಹತ್ತಿರವಾದ ವಸ್ತು. ಆಗ ಒಂದೋ ಎಲ್ಲವನ್ನೂ ವಾಪಸ್ ತುರುಕುವುದು, ಇಲ್ಲವೇ ಆಮೇಲೆ ಪೇಚಾಡುವಂಥದ್ದನ್ನು ರದ್ದಿಗೆ ಹಾಕುವುದು. ಈ ಕೆಲಸದ ದಿನಚರಿಯಲ್ಲಿ ಕ್ರಮ ತಿರುಗಿಸಿದೆ. ಇಷ್ಟದ್ದನ್ನು ಮೊದಲು ಆರಿಸಿ, ಅಳೆದು, ಕೈಗೆಟುಕುವ ಎತ್ತರದಲ್ಲಿ ಅದಕ್ಕೊಂದು ಗೂಡು ಕಟ್ಟುವುದು. ಉಳಿದದ್ದು ಉಳಿದ ಜಾಗದಲ್ಲಿ ಹೊಂದಿಕೊಳ್ಳಬೇಕು, ಇಲ್ಲದಿದ್ದರೆ ಹೊರಡಬೇಕು.

ಮೊದಲ ದಿನ: ಆರಿಸಿ ಅಳೆಯುವುದು

ಡಬ್ಬ, ಬುಟ್ಟಿ ಏನನ್ನೂ ಮೊದಲೇ ಕೊಳ್ಳಬಾರದು. ಕೊಂಡ ಡಬ್ಬ ಖಾಲಿ ಇರಲಾರದು. ಬೇಕಾದದ್ದು ಅಳತೆ ಟೇಪು, ಮಾಸ್ಕಿಂಗ್ ಟೇಪಿನ ಒಂದು ಸುರುಳಿ, ಮಾರ್ಕರ್, ಮಾಸ್ಕ್.

ಅಟ್ಟ ಮುಟ್ಟದೆ, ಕಣ್ಣಿಗೆ ಕಾಣುವ ಜಾಗದಿಂದಲೇ ಆರಂಭ. ಕಪಾಟಿನ ಒಂದೊಂದು ಅರೆಯಿಂದ ಇಷ್ಟದ್ದನ್ನು ಮಾತ್ರ ಹೊರತೆಗೆದು ನೆಲದ ಮೇಲೆ ಗೋಡೆಯುದ್ದಕ್ಕೂ, ಹಲಗೆಯ ಮೇಲೆ ಹೇಗೆ ನಿಲ್ಲುತ್ತದೋ ಹಾಗೆಯೇ ಸಾಲಾಗಿ ನಿಲ್ಲಿಸುವುದು. ಗುಡ್ಡೆ ಹಾಕಿದರೆ ಅಳತೆ ಸಿಗುವುದಿಲ್ಲ. ‘ಇದು ಇಷ್ಟವೇ?’ ಎಂದು ಮನಸ್ಸನ್ನು ಕೇಳಿದರೆ ಅದು ಎಲ್ಲಕ್ಕೂ ಹೂಂ ಅನ್ನುತ್ತದೆ. ವಸ್ತುವನ್ನೇ ನೋಡುವುದು ಮೇಲು. ಬೆನ್ನು ಸುಕ್ಕುಗಟ್ಟಿದ ಪುಸ್ತಕ, ಮೂಲೆ ಸವೆದ ರೆಕಾರ್ಡ್ ಕವರು, ಹಿಡಿಯ ಬಣ್ಣ ಹೋದ ಕುಂಚ ತಮ್ಮ ಕಥೆಯನ್ನು ತಾವೇ ಹೇಳುತ್ತವೆ. ಮೇಲಂಚಿನಲ್ಲಿ ಒಂದೇ ಸಮ ದೂಳಿನ ಪದರ ಕೂತಿರುವ ಪುಸ್ತಕವನ್ನು ವರ್ಷಗಟ್ಟಲೆ ಯಾರೂ ತೆಗೆದಿಲ್ಲ. ಹಾಗಂತ ಅದು ಹೋಗಲೇಬೇಕೆಂದಿಲ್ಲ. ಅದನ್ನು ಎರಡನೇ ಸಾಲಿಗೆ ಇಡಿ, ಅಷ್ಟೇ.

ಸಾಲು ನಿಂತ ಮೇಲೆ ಟೇಪು ಹಿಡಿದಾಗ ಬಂದ ಲೆಕ್ಕ: ಪುಸ್ತಕ 6.8 ಮೀಟರ್, 120 ಎಲ್‌ಪಿಗೆ 45 ಸೆಂ.ಮೀ., ಆಲ್ಬಮ್ಮು 1.1 ಮೀಟರ್, ಕ್ಯಾಮೆರಾ-ಲೆನ್ಸು 80 ಸೆಂ.ಮೀ., ಬಣ್ಣದ ಸಾಮಾನು 1.65 ಮೀಟರ್, ಪುಟಾಣಿ ಕಾರು 80 ಸೆಂ.ಮೀ. ಒಟ್ಟು 11.6 ಮೀಟರ್.

ಖಾಲಿ ಇರುವ ಗೋಡೆಗೆ 2.17 ಮೀಟರ್ ಅಗಲ, 2.1 ಮೀಟರ್ ಎತ್ತರದ ಗೂಡುಗಳ ಚೌಕಟ್ಟು ಹಿಡಿಸುತ್ತದೆ. ಮೂರು ಅಂಕಣ, ಒಂದೊಂದರಲ್ಲಿ ಐದು ಗೂಡು, ಒಂದೊಂದು ಗೂಡು 70 ಸೆಂ.ಮೀ. ಅಗಲ. ಅಂದರೆ 10.5 ಮೀಟರ್ ಸಾಲು. ಇದರಲ್ಲಿ ಐದನೇ ಒಂದು ಭಾಗ ಖಾಲಿ ಬಿಡಲೇಬೇಕು. ಒತ್ತಿ ತುಂಬಿದ ಸಾಲಿನಿಂದ ಪುಸ್ತಕ ತೆಗೆಯುವಾಗ ಬೆರಳು ಸಿಕ್ಕಿಸಿ ಬೆನ್ನಿನ ತುದಿ ಹರಿಯುತ್ತದೆ, ತೆಗೆದದ್ದನ್ನು ವಾಪಸ್ ಇಡುವ ಮನಸ್ಸೂ ಆಗುವುದಿಲ್ಲ. ಹಾಗಾಗಿ ಲೆಕ್ಕಕ್ಕೆ ಸಿಗುವುದು 8.4 ಮೀಟರ್. ಇಷ್ಟದ್ದರಲ್ಲೇ 3.2 ಮೀಟರ್ ಇಳಿಯಬೇಕು.

ಎಲ್ಲಿ ಇಳಿಯಿತು? ಪುಸ್ತಕದಲ್ಲಿ 1.9 ಮೀಟರ್: ಎರಡೆರಡು ಪ್ರತಿ ಇದ್ದವು, ಹೊಸ ಆವೃತ್ತಿ ಬಂದು ಹಳತಾದ ಪಠ್ಯ, ಮಾಹಿತಿ ಪುಸ್ತಕಗಳು. ಬಣ್ಣದ ಸಾಮಾನಿನಲ್ಲಿ 75 ಸೆಂ.ಮೀ. ಇಲ್ಲಿ ಟ್ಯೂಬು ಒತ್ತಿ ನೋಡದೆ ಬಿಸಾಡಬಾರದು. ಅಕ್ರಿಲಿಕ್ ಒಣಗಿ ಗಟ್ಟಿಯಾದರೆ ಮುಗಿಯಿತು, ಮತ್ತೆ ಕರಗುವುದಿಲ್ಲ. ಜಲವರ್ಣ ಎಷ್ಟು ಒಣಗಿದ್ದರೂ ನೀರು ಬಿದ್ದರೆ ಏಳುತ್ತದೆ. ಎಣ್ಣೆಬಣ್ಣ ಹಲವು ಬಾರಿ ಬಾಯಿಯ ಹತ್ತಿರ ಮಾತ್ರ ಕೆನೆಗಟ್ಟಿರುತ್ತದೆ, ಅದನ್ನು ಕೀಳಿದರೆ ಒಳಗಿನದು ಮೆತ್ತಗೇ ಇರುತ್ತದೆ. ಆಲ್ಬಮ್ಮಿನಲ್ಲಿ 50 ಸೆಂ.ಮೀ. ಇಳಿಯಿತು, ಒಂದೂ ಫೋಟೊ ಕಳೆದುಕೊಳ್ಳದೆ. ಅದು ಹೇಗೆಂಬುದು ಮುಂದಿದೆ. ಕಾರುಗಳಲ್ಲಿ ಇಳಿದದ್ದು ಯಾವುದೂ ಇಲ್ಲ ಅನ್ನಬಹುದು. ಚಕ್ರ ಕಳಚಿದ ಒಂದೇ ಒಂದು ಹೋಯಿತು, ಅದರಿಂದ 5 ಸೆಂ.ಮೀ. ಲಾಭ.

ಎರಡನೇ ದಿನ: ಕತ್ತರಿಸುವುದು

18 ಮಿ.ಮೀ. ದಪ್ಪದ ಪ್ಲೈವುಡ್, 2440 × 1220 ಮಿ.ಮೀ. ಅಳತೆಯ ಮೂರು ಹಾಳೆ. ಒಂದು ಹಾಳೆಯೇ 30 ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ, ಒಬ್ಬರೇ ಎತ್ತುವ ಸಾಹಸ ಬೇಡ.

70 ಸೆಂ.ಮೀ. ಅಗಲ ಏಕೆ, 90 ಏಕಾಗಬಾರದು? ಪುಸ್ತಕದ ಸಾಲು ಮೀಟರಿಗೆ 20ರಿಂದ 35 ಕೆ.ಜಿ. ತೂಗುತ್ತದೆ. ಹೀಗೆ ಉದ್ದಕ್ಕೂ ಹರಡಿದ ಭಾರಕ್ಕೆ ಹಲಗೆ ಬಾಗುವುದು ಅದರ ಉದ್ದದ ನಾಲ್ಕನೇ ಘಾತಕ್ಕೆ ತಕ್ಕಂತೆ. 70ರಿಂದ 90ಕ್ಕೆ ಹೋದರೆ ಬಾಗು ಎರಡೂಮುಕ್ಕಾಲು ಪಟ್ಟು. ದಪ್ಪದ್ದು ಘನದ ಲೆಕ್ಕ: 18ರ ಬದಲು 12 ಮಿ.ಮೀ. ಹಲಗೆ ಹಾಕಿದರೆ ಬಾಗು ಮೂರು ಪಟ್ಟಿಗೂ ಮೀರುತ್ತದೆ. 70 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 18 ಮಿ.ಮೀ. ದಪ್ಪದ ಪ್ಲೈವುಡ್ಡಿನ ಮೇಲೆ ಪುಸ್ತಕ ತುಂಬಿದರೆ ನಡುವೆ ಸುಮಾರು 1 ಮಿ.ಮೀ. ಇಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪಾರ್ಟಿಕಲ್ ಬೋರ್ಡ್ ಆದರೆ ಇದೇ ಭಾರಕ್ಕೆ ಇನ್ನೂ ಹೆಚ್ಚು ಇಳಿಯುತ್ತದೆ, ತಿಂಗಳು ಕಳೆದಂತೆ ಇಳಿಯುತ್ತಲೇ ಹೋಗುತ್ತದೆ. ಒಂದು ಸಲ ಬಾಗಿದ್ದು ಭಾರ ತೆಗೆದರೂ ಪೂರ್ತಿ ನೇರವಾಗುವುದಿಲ್ಲ.

ಕತ್ತರಿಸುವ ಲೆಕ್ಕದಲ್ಲಿ ಗರಗಸದ ಬಾಯಿ ತಿನ್ನುವ 3 ಮಿ.ಮೀ. ಮರೆತರೆ ಕೊನೆಯ ಪಟ್ಟಿ ಕಿರಿದಾಗುತ್ತದೆ. ಮೊದಲ ಹಾಳೆಯನ್ನು ಉದ್ದಕ್ಕೆ ಸೀಳಿದರೆ 300 ಮಿ.ಮೀ.ನ ನಾಲ್ಕು ಪಟ್ಟಿ: ನಾಲ್ಕು ಮುನ್ನೂರು 1200, ಗರಗಸದ ಮೂರು ಗೀರಿಗೆ 9, ಒಟ್ಟು 1209. ಹಾಳೆ 1220, ಸರಿಹೋಯಿತು. ಪ್ರತಿ ಪಟ್ಟಿಯನ್ನು 2100ಕ್ಕೆ ಕಡಿದರೆ ನಾಲ್ಕು ನಿಲುವು ಹಲಗೆ. ಎರಡನೇ ಹಾಳೆಯಿಂದ 12 ಅಡ್ಡ ಹಲಗೆ, ಮೂರನೆಯದರಿಂದ ಇನ್ನು 6. ಮೂರನೆಯದರ ಉಳಿಕೆಯಲ್ಲಿ 100 ಮಿ.ಮೀ. ಎತ್ತರದ ಆರು ಹಿಂಪಟ್ಟಿ, 70 ಮಿ.ಮೀ.ನ ಮೂರು ಕೆಳಪಟ್ಟಿ. ಒಂದು ಅಂಕಣಕ್ಕೆ ಆರು ಅಡ್ಡ ಹಲಗೆ: ಮೇಲೊಂದು, ಕೆಳಗೊಂದು, ನಡುವೆ ಬಿಗಿಯಾದದ್ದೊಂದು. ಈ ಮೂರೂ ಪೂರ್ತಿ 700 ಮಿ.ಮೀ. ಉಳಿದ ಮೂರು, ನಿಲುವು ಹಲಗೆಯ ತೂತಿಗೆ ಸಿಕ್ಕಿಸುವ ಪಿನ್ನಿನ ಮೇಲೆ ಕೂರುವಂಥವು, ಅವನ್ನು 697ಕ್ಕೇ ಕತ್ತರಿಸಬೇಕು. 700ಕ್ಕೆ ಕತ್ತರಿಸಿದರೆ ಮಳೆಗಾಲದ ತೇವಕ್ಕೆ ಉಬ್ಬಿ ಸಿಕ್ಕಿಕೊಳ್ಳುತ್ತವೆ.

ಪಟ್ಟಿಗಳ ತುದಿಯಲ್ಲಿ 330 ಮಿ.ಮೀ. ಚಿಲ್ಲರೆಯ ಹತ್ತು ತುಂಡು ಉಳಿಯುತ್ತವೆ. ಇದು ಈ ವಿನ್ಯಾಸದ ಬೋನಸ್ಸು. ಎಲ್‌ಪಿ ಕವರು 31.5 ಸೆಂ.ಮೀ. ಚೌಕ, ಅದಕ್ಕೆ 33 ಸೆಂ.ಮೀ. ಎತ್ತರದ ಗೂಡು ಸರಿಯಾಗಿ ಬರುತ್ತದೆ. ಎರಡು ತುಂಡುಗಳನ್ನು ನೆಟ್ಟಗೆ ನಿಲ್ಲಿಸಿದರೆ 70 ಸೆಂ.ಮೀ. ಗೂಡು 22 ಸೆಂ.ಮೀ.ನ ಮೂರು ಖಾನೆಯಾಗುತ್ತದೆ, ಖಾನೆಗೆ 55-60 ರೆಕಾರ್ಡು. ಖಾನೆ ಅಗಲವಾಗಿದ್ದರೆ ರೆಕಾರ್ಡು ಒರಗುತ್ತವೆ. ಒರಗಿದ್ದು ಸೊಟ್ಟಗಾಗುತ್ತದೆ, ಮಲಗಿಸಿ ಪೇರಿಸಿದರೆ ಅಡಿಯದ್ದು ಹಾಳಾಗುತ್ತದೆ. ನೂರು ರೆಕಾರ್ಡು ಹೆಚ್ಚುಕಡಿಮೆ 25 ಕೆ.ಜಿ., ಅದಕ್ಕೇ ಇವು ತೀರಾ ಕೆಳಗಿನ ಗೂಡಿಗೆ.

ಇನ್ನುಳಿದ ಎಂಟು ತುಂಡು, ಮತ್ತೆ 335 ಮಿ.ಮೀ. ಅಗಲದ ಒಂದು ಉದ್ದ ಪಟ್ಟಿ ಅದೇ ದಿನ ಮನೆಯಿಂದ ಹೊರಗೆ. ‘ಯಾವುದಕ್ಕಾದರೂ ಆಗುತ್ತೆ’ ಎಂದು ಬಾಗಿಲ ಹಿಂದೆ ಒರಗಿಸಿದ ಪ್ಲೈವುಡ್ ತುಂಡು ಅಲ್ಲಿಂದ ಕದಲಿದ್ದೇ ಇಲ್ಲ.

ಮೂರನೇ ದಿನ: ಜೋಡಣೆ, ಎಡವಟ್ಟುಗಳು

ಪಿನ್ನಿಗೆ 5 ಮಿ.ಮೀ. ತೂತು, ಒಂದರಿಂದ ಒಂದಕ್ಕೆ 32 ಮಿ.ಮೀ., ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ, ಹಿಂದಿನಿಂದಲೂ ಅಷ್ಟೇ. ಕೈಯಲ್ಲಿ ಅಳೆದಳೆದು ಗುರುತು ಹಾಕಿದರೆ ಒಂದಲ್ಲ ಒಂದು ತಪ್ಪುತ್ತದೆ, ಹಲಗೆ ಮೂರು ಕಾಲಿನ ಸ್ಟೂಲಿನಂತೆ ಕುಂಟುತ್ತದೆ. ಒಂದು ರೀಪರ್‌ನಲ್ಲಿ (ಮರದ ಕಿರುಪಟ್ಟಿ) ತೂತುಗಳನ್ನು ನಿಖರವಾಗಿ ಕೊರೆದು ಅದನ್ನೇ ಅಚ್ಚಾಗಿ ಬಳಸಬೇಕು. ಅಚ್ಚಿನ ಒಂದು ತುದಿಗೆ ‘ಕೆಳಗೆ’ ಎಂದು ಬರೆದಿಡಿ. ತಲೆಕೆಳಗಾಗಿ ಹಿಡಿದು ಒಂದು ನಿಲುವು ಹಲಗೆ ಪೂರ್ತಿ ಹಾಳಾಗುವುದು ಇಲ್ಲಿನ ಮಾಮೂಲಿ ತಪ್ಪು.

ನಡುವಿನ ಎರಡು ನಿಲುವು ಹಲಗೆಗಳಿಗೆ ಎರಡೂ ಕಡೆಯಿಂದ ತೂತು ಬರುತ್ತದೆ. ಒಂದೊಂದು ಕಡೆ 10 ಮಿ.ಮೀ. ಆಳ ಕೊರೆದರೆ 18ರ ಹಲಗೆಯಲ್ಲಿ ಅವು ಒಂದಕ್ಕೊಂದು ಸೇರಿ, ಅಂಚು ಕಿತ್ತುಬರುತ್ತದೆ. ಅಲ್ಲಿ ಅಡಿಗೆ ಒಂದು ಬೇಡದ ಹಲಗೆಯನ್ನು ಬಿಗಿಯಾಗಿ ಹಿಡಿದು ಒಂದೇ ಏಟಿಗೆ ಆರಪಾರು ಕೊರೆಯುವುದೇ ಚೊಕ್ಕ. ಪಿನ್ನಿನ ಒಳಭಾಗ 8 ಮಿ.ಮೀ. ಇದ್ದರೆ ಎರಡು ಕಡೆಯವೂ ಒಂದೇ ತೂತಿನಲ್ಲಿ ಜಗಳವಿಲ್ಲದೆ ಕೂರುತ್ತವೆ. ಹೊರಗಿನ ಎರಡಕ್ಕೆ ಮಾತ್ರ ಡ್ರಿಲ್ ಬಿಟ್ಟಿಗೆ 10 ಮಿ.ಮೀ. ಬಳಿ ಟೇಪು ಸುತ್ತಿ, ಅಲ್ಲಿಗೆ ನಿಲ್ಲಿಸಿ.

ಬಿಗಿ ಹಲಗೆಯ ತೊಂದರೆ ಬೇರೆ. ಎಡ ಅಂಕಣದ ಹಲಗೆಯನ್ನು ನಿಲುವಿನ ಆಚೆಯಿಂದ ಸ್ಕ್ರೂ ಹಾಕಿ ಬಿಗಿದಾಯಿತು. ಅದೇ ಎತ್ತರದಲ್ಲಿ ನಡು ಅಂಕಣದ ಹಲಗೆಗೆ ಸ್ಕ್ರೂ ಹಾಕಲು ಹೋದರೆ ಎಡದ ಹಲಗೆಯೇ ಅಡ್ಡ. ಅದಕ್ಕೇ ಎರಡು ಪಕ್ಕದ ಅಂಕಣಗಳಲ್ಲಿ 950 ಮಿ.ಮೀ.ಗೆ, ನಡುವಿನದರಲ್ಲಿ 1000ಕ್ಕೆ. 4 × 50 ಸ್ಕ್ರೂ (4 ಮಿ.ಮೀ. ದಪ್ಪ, 50 ಮಿ.ಮೀ. ಉದ್ದ) ತುದಿಗೆ ಮೂರು, ಮೊದಲು 2.5 ಮಿ.ಮೀ. ತೂತು. ಈ ತೂತಿಲ್ಲದೆ ಪ್ಲೈವುಡ್ಡಿನ ಅಂಚಿಗೆ ಸ್ಕ್ರೂ ತಿರುಗಿಸಿದರೆ ಪದರಗಳು ಬಿಚ್ಚಿಕೊಳ್ಳುತ್ತವೆ. ಮೇಲಿನ ಮತ್ತು ಕೆಳಗಿನ ಹಲಗೆಗಳು ಒಂದೇ ಮಟ್ಟದಲ್ಲಿ ಬರಲೇಬೇಕಲ್ಲ, ಅವಕ್ಕೆ ಅಡಿಯಲ್ಲಿ 20 × 30 ರೀಪರ್ ತುಂಡು, 3.5 × 35 ಸ್ಕ್ರೂ, ಮರದ ಅಂಟು. ಎರಡು ಕಡೆಯ ಸ್ಕ್ರೂಗಳು ಎದುರುಬದುರಾಗಿ ಡಿಕ್ಕಿ ಹೊಡೆಯದಂತೆ 20 ಮಿ.ಮೀ. ಸರಿಸಿ ಹಾಕಬೇಕು. ರೆಕಾರ್ಡಿನ ಗೂಡಿನ ಮೇಲಿನ ಹಲಗೆಗೂ ಪಿನ್ನಿಲ್ಲ: ತುದಿಗೆ ರೀಪರ್, ನಡುವೆ ಆ ಎರಡು ತುಂಡು.

ಗೂಡಿಗೆ ಹಿಂಬದಿಯ ಹಾಳೆ ಹಾಕಿಲ್ಲ, ಬೇಕೆಂದೇ. ಗೋಡೆಗೂ ಗೂಡಿಗೂ ನಡುವೆ 25 ಮಿ.ಮೀ. ಬಿಟ್ಟರೆ ಗಾಳಿ ಆಡುತ್ತದೆ. ಹೊರಗೋಡೆಗೆ ಒತ್ತಿ ನಿಲ್ಲಿಸಿದ ಕಪಾಟಿನ ಪುಸ್ತಕಗಳಿಗೆ ಬೂಷ್ಟು ಹಿಡಿಯುವುದು ಹಿಂಬದಿಯಿಂದಲೇ. ಆದರೆ ಹಿಂದೆ ಏನೂ ಇಲ್ಲದಿದ್ದರೆ ಇಡೀ ಚೌಕಟ್ಟು ಪಕ್ಕಕ್ಕೆ ವಾಲಾಡುತ್ತದೆ. ಆರು ಹಿಂಪಟ್ಟಿಗಳ ಕೆಲಸ ಅದನ್ನು ತಡೆಯುವುದು. ಪ್ರತಿ ಅಂಕಣದಲ್ಲಿ ಮೇಲಿನ ಹಲಗೆಯ ಅಡಿಗೊಂದು, ಬಿಗಿ ಹಲಗೆಯ ಅಡಿಗೊಂದು. ಅಂಟು ಹಚ್ಚಿ ಸ್ಕ್ರೂ ಬಿಗಿಯುವ ಮೊದಲು ಮೂಲೆಯಿಂದ ಮೂಲೆಗೆ ಅಳೆಯಬೇಕು. ಎರಡು ಕರ್ಣಗಳೂ 3021 ಮಿ.ಮೀ. ಬಂದರೆ ಚೌಕ ನೇರ. ಒಂದು 3018, ಇನ್ನೊಂದು 3024 ಬಂದರೆ ಉದ್ದದ ಕರ್ಣದ ಮೂಲೆಯನ್ನು ಒಳಗೆ ತಳ್ಳಿ ಮತ್ತೆ ಅಳೆಯಿರಿ.

ನೆಲದ ಮೇಲೆ ಮಲಗಿಸಿ ಜೋಡಿಸಿದ್ದನ್ನು ಎತ್ತಿ ನಿಲ್ಲಿಸುವಾಗ ಒಂದು ಗಳಿಗೆ ಅದು 2100 ಮಿ.ಮೀ. ಅಲ್ಲ, 2121 ಮಿ.ಮೀ. ಎತ್ತರವಾಗುತ್ತದೆ. ಆಳ 300 ಇರುವುದರಿಂದ ಓರೆಯಾಗಿ ಏಳುತ್ತದೆ. ಅಟ್ಟದ ತಳ 2110ರಲ್ಲಿದ್ದರೆ ‘ಹಿಡಿಸುತ್ತೆ’ ಎಂದು ಅಳೆದ ಗೂಡು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಅಟ್ಟದ ಕೆಳಗೆ ನಿಲ್ಲಿಸುವುದಾದರೆ ಹೊರಗೆ ಎತ್ತಿ ನಿಲ್ಲಿಸಿ, ಆಮೇಲೆ ಒಳಗೆ ಜರುಗಿಸಿ.

ಗೋಡೆಗೆ ಕಚ್ಚಿಸದೆ ಇದನ್ನು ಬಿಡಬಾರದು. ಮಗುವೊಂದು ಕೆಳಗಿನ ಹಲಗೆ ಹತ್ತಿದರೂ ಸಾಕು, ಮುಗುಚೀತು. 75 ಮಿ.ಮೀ. ಎಲ್ ಬ್ರಾಕೆಟ್ ನಾಲ್ಕು, ಮೇಲಿನ ಹಲಗೆಯಿಂದ ಗೋಡೆಗೆ. ಸ್ಕ್ರೂ ಹಿಡಿಯಲು ಗೋಡೆಗೆ ತೂರಿಸುವ 8 ಮಿ.ಮೀ. ಪ್ಲಗ್ಗು ಗಾರೆಯಲ್ಲಿ ನಿಂತರೆ ಪ್ರಯೋಜನವಿಲ್ಲ, ಇಟ್ಟಿಗೆಗೆ ಹೋಗಬೇಕು. ಗಾರೆ 15 ಮಿ.ಮೀ., ಪ್ಲಗ್ಗು 40, ದೂಳು ಕೂರಲು 10: ಒಟ್ಟು 65 ಮಿ.ಮೀ. ಆಳದ ತೂತು. ದೂಳು ಊದಿ ತೆಗೆದು, ಪ್ಲಗ್ಗನ್ನು ಗಾರೆ ದಾಟುವವರೆಗೆ ತಳ್ಳಿ 5 × 60 ಸ್ಕ್ರೂ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ, ಪಕ್ಕಕ್ಕೆ ಕೊರೆಯಬೇಡಿ. ಗೋಡೆಯೊಳಗಿನ ವೈರು ಓಡುವುದು ಆ ದಾರಿಯಲ್ಲೇ.

ನಾಲ್ಕರಿಂದ ಹತ್ತನೇ ದಿನ: ಬಣ್ಣ ಒಣಗುವಷ್ಟರಲ್ಲಿ

ನೀರು ಬೆರೆಸುವ ಜಾತಿಯ ವಾರ್ನಿಷ್ ಎರಡು ಕೈ. ವಾಸನೆ ಹೋಗುವವರೆಗೆ, ಕಡಿಮೆಯೆಂದರೆ ಒಂದು ವಾರ, ಗೂಡು ಖಾಲಿ. ಹಸಿ ವಾರ್ನಿಷ್ಷಿನ ಆವಿ ಫೋಟೊಗೆ ಒಳ್ಳೆಯದಲ್ಲ, ಪುಸ್ತಕದ ರಟ್ಟು ಹಲಗೆಗೆ ಅಂಟಿಕೊಂಡೂ ಬಿಡುತ್ತದೆ. ಈ ವಾರವೇ ಸಣ್ಣ ಸಾಮಾನಿನ ಸರದಿ.

ಆಲ್ಬಮ್ಮುಗಳಲ್ಲಿ ಅತಿ ದಪ್ಪ, ಅತಿ ಕೆಟ್ಟದ್ದೆಂದರೆ ಅಂಟಿನ ಗೆರೆಗಳ ಪುಟದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಬಗೆ. ಅಂಟು ಹಳದಿಯಾಗಿ ಫೋಟೊವನ್ನು ಹಿಡಿದುಬಿಟ್ಟಿರುತ್ತದೆ. ಉಗುರು ಹಾಕಿ ಎಬ್ಬಿಸಿದರೆ ಮೂಲೆ ಮಡಚಿ ಬಿರುಕು ಬಿಡುತ್ತದೆ. ಹಲ್ಲಿನ ಸಂದು ಚೊಕ್ಕ ಮಾಡುವ ಫ್ಲಾಸ್ ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಫೋಟೊದ ಒಂದು ಮೂಲೆಯ ಅಡಿಗೆ ತೂರಿಸಿ, ಗರಗಸದಂತೆ ಹಿಂದೆ ಮುಂದೆ ಎಳೆಯುತ್ತ ನಿಧಾನಕ್ಕೆ ಸರಿಸಿದರೆ ಫೋಟೊ ಚಪ್ಪಟೆಯಾಗಿಯೇ ಬಿಟ್ಟುಕೊಳ್ಳುತ್ತದೆ. ನಡುವೆ ದಾರ ನಿಂತರೆ ಬಲ ಹಾಕಬೇಡಿ, ಎದುರು ಮೂಲೆಯಿಂದ ಬನ್ನಿ. ಆಗಲೂ ಬರದಿದ್ದರೆ ಪುಟದ ಸಮೇತ ಕ್ಯಾಮೆರಾದಲ್ಲಿ ಸೆರೆಹಿಡಿದು, ಮೂಲವನ್ನು ಹಾಗೆಯೇ ಬಿಡಿ. ಬಿಡಿಸಿದವು ಪಾಲಿಪ್ರೊಪಿಲೀನ್ ಕವರಿಗೆ. ಪಿವಿಸಿ ಕವರು ಬೇಡ, ಅದು ಕಾಲ ಕಳೆದಂತೆ ಫೋಟೊಗೆ ಮೆತ್ತಿಕೊಳ್ಳುತ್ತದೆ. ಹೆಸರು, ವರ್ಷ ಹಿಂಬದಿಯಲ್ಲಿ ಮೆದು ಪೆನ್ಸಿಲಿನಲ್ಲಿ. ಬಾಲ್ ಪೆನ್ನಿನ ಒತ್ತು ಮುಖದ ಕಡೆ ಗೀರಾಗಿ ಏಳುತ್ತದೆ. 4 × 6 ಇಂಚಿನ ಪ್ರಿಂಟನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ 2400 × 3600 ಚುಕ್ಕಿ ಸಿಗುತ್ತದೆ, ದುಪ್ಪಟ್ಟು ಅಳತೆಗೆ ಮುದ್ರಿಸಲು ಸಾಕು. ಸ್ಕ್ಯಾನ್ ಆಯಿತೆಂದು ಮೂಲ ಎಸೆಯುವ ಸಲಹೆಗೆ ಮಾತ್ರ ಕಿವಿಗೊಡಬೇಡಿ. ಇನ್ನೂರು ಫೋಟೊ ಒಂದು ಚಪ್ಪಲಿ ಪೆಟ್ಟಿಗೆಯಷ್ಟೂ ಜಾಗ ಕೇಳುವುದಿಲ್ಲ.

ಕ್ಯಾಮೆರಾ, ಆಟಿಕೆ, ರೇಡಿಯೊಗಳಿಂದ ಬ್ಯಾಟರಿ ತೆಗೆದಿಡಬೇಕು. ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಕೈಗವಸು ಹಾಕಿ, ಹತ್ತಿಯ ಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ ಒರೆಸಿ. ಆ ಪುಡಿ ಕ್ಷಾರ, ಹುಳಿಗೆ ನೊರೆಯುತ್ತ ಕರಗುತ್ತದೆ. ಆಮೇಲೆ ಐಸೊಪ್ರೊಪಿಲ್ ಆಲ್ಕೊಹಾಲಿನಲ್ಲಿ ಇನ್ನೊಮ್ಮೆ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ. ತುದಿಗೆ ಟೇಪು ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ.

ವೈರುಗಳು: ಪ್ರತಿ ಬಗೆಗೆ ಬಳಕೆಯದೊಂದು, ಜೊತೆಗೆ ಹೆಚ್ಚುವರಿ ಒಂದು ಸಾಕು. ಅಡಾಪ್ಟರು ಮಾತ್ರ ಕಣ್ಣಂದಾಜಿಗೆ ಸಿಗುವುದಿಲ್ಲ. ಪಿನ್ನು ಹೊಂದಿದರೆ ಸಾಲದು, ವೋಲ್ಟೇಜು ಸಾಧನದ್ದೇ ಆಗಿರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪ್ಲಸ್-ಮೈನಸ್ ಗುರುತಿನ ಚಿತ್ರವೂ ಒಂದೇ ಇರಬೇಕು. ಯಾವ ಸಾಧನದ್ದೆಂದು ಟೇಪಿನ ಮೇಲೆ ಬರೆದು ಅಂಟಿಸಿ. ಸಾಧನವೇ ಇಲ್ಲದ ಅಡಾಪ್ಟರನ್ನು ಇಟ್ಟುಕೊಂಡು ಫಲವಿಲ್ಲ.

ಹನ್ನೊಂದನೇ ದಿನ: ತುಂಬುವುದು

ನೆಲದಿಂದ 60 ಸೆಂ.ಮೀ.ಗೂ 150 ಸೆಂ.ಮೀ.ಗೂ ನಡುವಿನ ಜಾಗ ಬಾಗದೆ, ಕೈ ಚಾಚದೆ ಸಿಗುವ ಜಾಗ. ಕಡತ, ಬಿಲ್ಲು, ರಸೀದಿಗಳು ಯಾವ ಮನೆಯಲ್ಲಾದರೂ ಇಲ್ಲೇ ಬಂದು ಕೂರುತ್ತವೆ. ಅವನ್ನು ಮೇಲಕ್ಕೆ ಕಳಿಸಿ, ವರ್ಷಕ್ಕೊಮ್ಮೆ ಏಣಿ ಹಾಕಿದರಾಯಿತು. ಈ ಜಾಗದಲ್ಲಿ ಕ್ಯಾಮೆರಾ, ಮತ್ತೆ ಮತ್ತೆ ಓದುವ ಪುಸ್ತಕ, ಬಣ್ಣದ ಡಬ್ಬ, ಕಾರುಗಳು. ಕಾರುಗಳನ್ನು ಒಟ್ಟಿಗೆ ಒಡ್ಡಿದರೆ ಯಾವುದೂ ಕಾಣುವುದಿಲ್ಲ. ಹತ್ತು ಹೊರಗೆ, ಉಳಿದವು ಪೆಟ್ಟಿಗೆಯಲ್ಲಿ, ಬೇಸರವಾದಾಗ ಅದಲುಬದಲು. ಕಿಟಕಿಯ ಬಿಸಿಲು ನೇರ ಬೀಳುವ ಅಂಕಣದಲ್ಲಿ ಫೋಟೊ, ಬಣ್ಣದ ಬೆನ್ನಿನ ಪುಸ್ತಕ ಇಡಬೇಡಿ.

ಹುಳು ಹಿಡಿದ ಅನುಮಾನವಿರುವ ಪುಸ್ತಕವನ್ನು ಉಳಿದವುಗಳ ಜೊತೆ ಸೇರಿಸುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ಫ್ರೀಜರಿನಲ್ಲಿ -18 ಡಿಗ್ರಿಯಲ್ಲಿ ಎರಡು ವಾರ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ಪಸೆ ಕೂರುತ್ತದೆ. ಕ್ಯಾಮೆರಾದ ಡಬ್ಬಿಗೆ ಸಿಲಿಕಾ ಜೆಲ್, ಡಬ್ಬಿ ಗಾಳಿಯಾಡದಂತೆ ಮುಚ್ಚುವಂಥದ್ದಾಗಿರಬೇಕು. ತೆರೆದ ಗೂಡಿನಲ್ಲಿ ಸಿಲಿಕಾ ಇಟ್ಟರೆ ಅದು ಇಡೀ ಕೋಣೆಯ ತೇವ ಹೀರಿ ಎರಡೇ ದಿನದಲ್ಲಿ ಸೋಲುತ್ತದೆ.

ಎಲ್ಲ ತುಂಬಿ ಅಳೆದಾಗ 8.45 ಮೀಟರ್. ಐದು ಸೆಂ.ಮೀ. ಮಿಕ್ಕಿದೆ, ನಡೆಯುತ್ತದೆ.

ಆಮೇಲೆ ಅಟ್ಟ. ಅಟ್ಟದ್ದು ಬೇಗ ಮುಗಿಯಿತು, ಏಕೆಂದರೆ ಇಷ್ಟದ್ದು ಆಗಲೇ ಗೂಡು ಸೇರಿತ್ತು, ಅಲ್ಲಿದ್ದದ್ದರಲ್ಲಿ ಹೆಚ್ಚಿನದಕ್ಕೆ ವಾದಿಸಲು ಯಾರೂ ಇರಲಿಲ್ಲ. ‘ಬೇಕಾಗಬಹುದು’ ಅನ್ನಿಸಿದ್ದಕ್ಕೆ ಎರಡೇ ಎರಡು ಪೆಟ್ಟಿಗೆ, 30 ಲೀಟರಿನವು. ಅದಕ್ಕಿಂತ ದೊಡ್ಡದರಲ್ಲಿ ಪುಸ್ತಕ ತುಂಬಿದರೆ 20 ಕೆ.ಜಿ. ದಾಟುತ್ತದೆ, ಏಣಿಯ ಮೇಲೆ ಎತ್ತಲಾಗದು. ಪೆಟ್ಟಿಗೆಯ ಹೊರಗೆ ಒಳಗಿನ ಪಟ್ಟಿ ಅಂಟಿಸಬೇಡಿ, ಮರೆತುಹೋದದ್ದು ಬೇಡದ್ದು ಎಂಬ ವಾದವೊಂದಿದೆ. ಒಪ್ಪುವಂಥದ್ದಲ್ಲ. ಪಟ್ಟಿ ಇಲ್ಲದಿದ್ದರೆ ಇದ್ದದ್ದನ್ನೇ ಮತ್ತೊಮ್ಮೆ ಕೊಂಡು ತರುತ್ತೀರಿ. ಪಟ್ಟಿ ಅಂಟಿಸಿ, ದಿನಾಂಕ ಹಾಕಿ, ಗಡುವು 13 ತಿಂಗಳು ಇಡಿ. ಆರು ತಿಂಗಳ ಗಡುವಿಗೆ ಮಳೆಗಾಲದ್ದೋ ಚಳಿಗಾಲದ್ದೋ ಒಂದು ಸಾಮಾನು ಸರದಿ ಬರುವ ಮೊದಲೇ ಬಲಿಯಾಗುತ್ತದೆ.

ಹಳೆ ಹಾರ್ಡ್ ಡಿಸ್ಕನ್ನು ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿ ಗುಜರಿಗೆ ಹಾಕಿದರೆ ಒಳಗಿನದು ಅಳಿಸಿಹೋಗಿರುವುದಿಲ್ಲ. ತಂತ್ರಾಂಶದಿಂದ ಒಮ್ಮೆ ಡಿಸ್ಕಿನ ತುಂಬ ಸೊನ್ನೆ ಬರೆಸಿ, ಆಮೇಲೆ ಕೊಡಿ.

ಮೂರು ತಿಂಗಳ ಮೇಲೆ

ಪ್ರತಿ ಹಲಗೆಯ ಮುಂದಂಚಿಗೆ ಎರಡು ತುದಿಯಿಂದ ದಾರ ಬಿಗಿದು ನಡುವಿನ ಸಂದು ನೋಡಿ. 2 ಮಿ.ಮೀ. ಒಳಗಿದ್ದರೆ ಮುಟ್ಟುವುದು ಬೇಡ. ಹೆಚ್ಚಿದ್ದರೆ ಹಲಗೆಯನ್ನು ಮಗುಚಿ ಹಾಕಿ, ಮುಂದಂಚಿನ ಅಡಿಗೆ 20 × 40ರ ರೀಪರನ್ನು 40 ಮಿ.ಮೀ. ನಿಲುವಾಗಿ ಬರುವಂತೆ ಅಂಟಿಸಿ ಸ್ಕ್ರೂ ಹಾಕಿ. ಗೋಡೆಯ ಬ್ರಾಕೆಟ್ಟಿನ ಸ್ಕ್ರೂಗಳನ್ನು ಕಾಲು ಸುತ್ತು ಬಿಗಿ ಮಾಡಿ. ಹಿಂದಿನ ಸಂದಿನಲ್ಲಿ ಕೈ ಆಡಿಸಿ ನೋಡಿ: ಗೋಡೆ ತಣ್ಣಗೆ ಪಸೆಯಾಗಿದ್ದರೆ ಆ ಅಂಕಣದ ಪುಸ್ತಕಗಳನ್ನು ಎರಡು ಬೆರಳು ಮುಂದಕ್ಕೆ ಎಳೆಯಿರಿ.